ಹಳೆಯ ಡೆಸ್ಕ್‌ಟಾಪ್‌ಗೆ ಎರಡನೇ ಹಾರ್ಡ್ ಡಿಸ್ಕ್: ಕೊಳ್ಳುವ ಮುನ್ನ ಕ್ಯಾಬಿನೆಟ್ ತೆರೆದು ನೋಡಿ

ಪ್ರಶ್ನೆ: ನನ್ನ ಬಳಿ 2008ರಲ್ಲಿ ಜೋಡಿಸಿದ ಡೆಸ್ಕ್‌ಟಾಪ್ ಇದೆ. ಅದರ 250 ಜಿಬಿ ಹಾರ್ಡ್ ಡಿಸ್ಕ್ ಫೋಟೊ, ವಿಡಿಯೊಗಳಿಂದ ತುಂಬಿಹೋಗಿದ್ದು, ಸಿ ಡ್ರೈವ್‌ನ ಪಟ್ಟಿ ಕೆಂಪಾಗಿದೆ. ವಿಂಡೋಸ್ 7 ಬಳಸುತ್ತಿದ್ದೇನೆ. ಹಳೆಯ ಡಿಸ್ಕನ್ನು ಹಾಗೆಯೇ ಇಟ್ಟುಕೊಂಡು ಒಳಗೆ ಇನ್ನೊಂದನ್ನು ಕೂರಿಸಬಹುದೇ? ಕ್ಯಾಬಿನೆಟ್‌ನ ಬದಿಯ ಬಾಗಿಲು ತೆಗೆದು ನೋಡಿದಾಗ ಬೂದು ಬಣ್ಣದ ಅಗಲವಾದ ಪಟ್ಟಿ ಕೇಬಲ್ ಒಂದು, ಕಿರಿದಾದ ಕೆಂಪು ಕೇಬಲ್ ಒಂದು ಕಾಣಿಸಿದವು. ಯಾವುದಕ್ಕೆ ಹೊಂದುವ ಡಿಸ್ಕ್ ಕೊಳ್ಳಬೇಕು? ಎಷ್ಟು ದೊಡ್ಡದನ್ನು ಹಾಕಬಹುದು? ಹೊಸದನ್ನು ಹಾಕಿದರೆ ಹಳೆಯದರಲ್ಲಿರುವ ವಿಂಡೋಸ್ ಮತ್ತು ಫೈಲ್‌ಗಳಿಗೆ ಏನಾದರೂ ಆಗುತ್ತದೆಯೇ?

ಉತ್ತರ: ಕೂರಿಸಬಹುದು. ಆ ಕಾಲದ ಡೆಸ್ಕ್‌ಟಾಪ್‌ಗಳಲ್ಲಿ ಬಹುಪಾಲಿನವು ಎರಡು ಮೂರು ಡಿಸ್ಕ್‌ಗಳಿಗೆ ಅವಕಾಶವಿರುವಂತೆಯೇ ಬರುತ್ತಿದ್ದವು. ಹೊಸದೊಂದನ್ನು ಸೇರಿಸಿದ ಮಾತ್ರಕ್ಕೆ ಹಳೆಯದರಲ್ಲಿರುವ ವಿಂಡೋಸ್‌ಗಾಗಲಿ ಫೈಲ್‌ಗಳಿಗಾಗಲಿ ಏನೂ ಆಗುವುದಿಲ್ಲ. ಆದರೆ ಯಂತ್ರ ಹಳೆಯದಾದಾಗ ಅರ್ಧ ಕೆಲಸ ಡಿಸ್ಕ್ ಕೊಳ್ಳುವ ಮುನ್ನವೇ ಮುಗಿದಿರಬೇಕು. ಮದರ್‌ಬೋರ್ಡ್‌ನಲ್ಲಿ ಖಾಲಿ ಪೋರ್ಟ್ ಇದೆಯೇ, ಎಸ್‌ಎಂಪಿಎಸ್‌ನಿಂದ (ಒಳಗಿನ ಭಾಗಗಳಿಗೆಲ್ಲ ವಿದ್ಯುತ್ ಕೊಡುವ ಪೆಟ್ಟಿಗೆ) ಬರುವ ವೈರುಗಳಲ್ಲಿ ಬಳಕೆಯಾಗದ ಪವರ್ ಕನೆಕ್ಟರ್ ಇದೆಯೇ, ಕ್ಯಾಬಿನೆಟ್‌ನಲ್ಲಿ ಮೂರೂವರೆ ಇಂಚಿನ ಡಿಸ್ಕ್ ಕೂರುವ ಗೂಡು ಖಾಲಿ ಇದೆಯೇ ಎಂಬ ಮೂರನ್ನು ಕಣ್ಣಾರೆ ನೋಡಿಕೊಳ್ಳಿ. ಜನ ಹೆಚ್ಚಾಗಿ ಮೊದಲನೆಯದನ್ನಷ್ಟೇ ನೋಡುತ್ತಾರೆ. ತೊಂದರೆ ಕೊಡುವುದು ಹೆಚ್ಚಾಗಿ ಎರಡನೆಯದು.

ಮೊದಲು ನೀವು ಕಂಡ ಎರಡು ಕೇಬಲ್‌ಗಳ ವಿಚಾರ. ಡಿಸ್ಕನ್ನು ಮದರ್‌ಬೋರ್ಡ್‌ಗೆ ಜೋಡಿಸುವ ಎರಡು ಬಗೆಗಳಿವೆ, ಹಳೆಯದು ಐಡಿಇ, ಹೊಸದು ಸಾಟಾ. ಅಗಲವಾದ ಬೂದು ಪಟ್ಟಿ ಐಡಿಇ ಕೇಬಲ್. ಅದರ ತುದಿಯ ಕನೆಕ್ಟರ್‌ನಲ್ಲಿ ಎರಡು ಸಾಲುಗಳಲ್ಲಿ ಒಟ್ಟು 40 ಪಿನ್‌ಗಳಿಗೆ ಜಾಗವಿರುತ್ತದೆ. ಕಿರಿದಾದ ಕೆಂಪು ಕೇಬಲ್ ಸಾಟಾ; ಅದರ ಬಾಯಿಯನ್ನು ಹತ್ತಿರದಿಂದ ನೋಡಿದರೆ ಇಂಗ್ಲಿಷಿನ ಎಲ್ ಅಕ್ಷರದಂತೆ ಒಂದು ಮೂಲೆಯಲ್ಲಿ ಬಾಗಿದ ಸೀಳು, ಅದರೊಳಗೆ 7 ಸಂಪರ್ಕ ಬಿಂದುಗಳು ಕಾಣುತ್ತವೆ. ಬಣ್ಣವನ್ನು ನಂಬಬೇಡಿ, ಸಾಟಾ ಕೇಬಲ್ ಹಳದಿ, ಕಪ್ಪು, ನೀಲಿ ಯಾವುದೂ ಆಗಿರಬಹುದು. ನಂಬಬೇಕಾದದ್ದು ಆ ಬಾಗಿದ ಸೀಳನ್ನು. 2008ರ ಯಂತ್ರದಲ್ಲಿ ಈ ಎರಡೂ ಒಟ್ಟಿಗೆ ಇರುವುದು ಸಾಮಾನ್ಯ, ಏಕೆಂದರೆ ಆಗ ಹಾರ್ಡ್ ಡಿಸ್ಕ್‌ಗಳು ಸಾಟಾಗೆ ಬದಲಾಗಿದ್ದರೂ ಡಿವಿಡಿ ರೈಟರ್‌ಗಳಲ್ಲಿ ಅನೇಕವು ಇನ್ನೂ ಐಡಿಇಯಲ್ಲೇ ಉಳಿದಿದ್ದವು. ನಿಮ್ಮಲ್ಲೂ ಬೂದು ಪಟ್ಟಿ ಡಿವಿಡಿಗೆ, ಕೆಂಪು ಕೇಬಲ್ ಹಾರ್ಡ್ ಡಿಸ್ಕ್‌ಗೆ ಹೋಗಿರುವ ಸಂಭವವೇ ಹೆಚ್ಚು. ಆದರೂ ಊಹೆಗೆ ಬಿಡದೆ, ಕಂಪ್ಯೂಟರ್ ಆಫ್ ಇರುವಾಗ ಕೆಂಪು ಕೇಬಲ್ಲನ್ನು ಬೆರಳಲ್ಲಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿಕೊಂಡು ಹೋಗಿ ನೋಡಿ.

ಹಾಗಿದ್ದರೆ ನೀವು ಕೊಳ್ಳಬೇಕಾದದ್ದು ಮೂರೂವರೆ ಇಂಚಿನ ಸಾಟಾ ಡಿಸ್ಕ್. ಮದರ್‌ಬೋರ್ಡ್‌ನಲ್ಲಿ ಕೆಂಪು ಕೇಬಲ್ ಹೋಗಿ ಸೇರುವ ಜಾಗದ ಪಕ್ಕದಲ್ಲೇ ಅದೇ ಆಕಾರದ ಇನ್ನೂ ಕೆಲವು ಪೋರ್ಟ್‌ಗಳಿರುತ್ತವೆ. ಆ ಕಾಲದ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು. ಪ್ರತಿಯೊಂದರ ಬುಡದಲ್ಲಿ ಸಣ್ಣ ಬಿಳಿ ಅಕ್ಷರಗಳಲ್ಲಿ ಅದರ ಸಂಖ್ಯೆ ಅಚ್ಚಾಗಿರುತ್ತದೆ. ಹಳೆಯ ಡಿಸ್ಕ್ ಯಾವ ಸಂಖ್ಯೆಯ ಪೋರ್ಟ್‌ನಲ್ಲಿದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಅದನ್ನು ಅಲ್ಲಿಂದ ಕದಲಿಸದೆ, ಹೊಸದಕ್ಕೆ ಅದರ ಮುಂದಿನ ಸಂಖ್ಯೆಯದನ್ನು ಆರಿಸಿಕೊಳ್ಳಿ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಅಡಿಯಲ್ಲಿ ಒಂದೆರಡು ಪೋರ್ಟ್‌ಗಳು ಮರೆಯಾಗಿರಬಹುದು. ಅಂಥ ಕಡೆ ತುದಿ ಲಂಬವಾಗಿ ಬಾಗಿರುವ ಕೇಬಲ್ ಉಪಯೋಗಕ್ಕೆ ಬರುತ್ತದೆ. ಪೆಟ್ಟಿಗೆಯಲ್ಲಿ ಬರದೆ ಬಿಡಿಯಾಗಿ ಮಾರುವ ಡಿಸ್ಕ್‌ಗಳ ಜೊತೆ ಕೇಬಲ್ ಆಗಲಿ ಸ್ಕ್ರೂ ಆಗಲಿ ಸಾಮಾನ್ಯವಾಗಿ ಬರುವುದಿಲ್ಲ, ಆದ್ದರಿಂದ ಅವನ್ನೂ ಕೇಳಿ ತೆಗೆದುಕೊಳ್ಳಿ.

ಹೊಸ ಡಿಸ್ಕ್‌ನ ಮೇಲೆ ಸೆಕೆಂಡಿಗೆ 6 ಗಿಗಾಬಿಟ್ ಎಂದು ಬರೆದಿದ್ದು ನಿಮ್ಮ ಬೋರ್ಡ್ 3 ಗಿಗಾಬಿಟ್‌ನದಾದರೆ ಹೆದರಬೇಕಾಗಿಲ್ಲ. ಸಾಟಾದ ಮೂರು ತಲೆಮಾರುಗಳೂ, ಅಂದರೆ 1.5, 3 ಮತ್ತು 6 ಗಿಗಾಬಿಟ್‌ನವು, ಒಂದೇ ಪ್ಲಗ್ ಬಳಸುತ್ತವೆ. ಎರಡು ಕಡೆಯವರೂ ತಮ್ಮಿಬ್ಬರಿಗೂ ಆಗುವ ವೇಗಕ್ಕೆ ತಾವೇ ಒಪ್ಪಿಕೊಳ್ಳುತ್ತಾರೆ. 3 ಗಿಗಾಬಿಟ್ ಎಂದರೆ ಲೆಕ್ಕದಲ್ಲಿ ಸೆಕೆಂಡಿಗೆ 300 ಎಂಬಿ. ತಿರುಗುವ ತಟ್ಟೆಯ ಮನೆಬಳಕೆಯ ಹಾರ್ಡ್ ಡಿಸ್ಕ್ ಅಷ್ಟು ವೇಗವಾಗಿ ಓದುವುದೇ ಇಲ್ಲವಾದ್ದರಿಂದ ನಿಮಗೆ ಯಾವ ನಷ್ಟವೂ ಕಾಣದು. ಆದರೆ ಇದಕ್ಕೆ ಅಪವಾದವೂ ಇದೆ. ವಯಾ ಕಂಪನಿಯ ವಿಟಿ8237 ಹೆಸರಿನ ಚಿಪ್ ಇರುವ, ನಿಮ್ಮದಕ್ಕಿಂತ ಕೆಲವು ವರ್ಷ ಹಳೆಯ ಬೋರ್ಡ್‌ಗಳು ಈ ವೇಗದ ಒಪ್ಪಂದದಲ್ಲಿ ಎಡವಿ ಡಿಸ್ಕನ್ನು ಕಾಣುವುದೇ ಇಲ್ಲ. ಅಂಥಲ್ಲಿ ಡಿಸ್ಕ್‌ನ ಹಿಂಬದಿಯಲ್ಲಿ ಜಂಪರ್ ಪಿನ್‌ಗಳಿದ್ದರೆ, ಲೇಬಲ್‌ನಲ್ಲಿ ತೋರಿಸಿದ ಜೋಡಿಗೆ ಜಂಪರ್ (ಎರಡು ಪಿನ್‌ಗಳನ್ನು ಬೆಸೆಯುವ ಪುಟ್ಟ ಟೊಪ್ಪಿ) ಹಾಕಿ ಅದನ್ನು 1.5 ಗಿಗಾಬಿಟ್‌ಗೆ ಇಳಿಸಬೇಕಾಗುತ್ತದೆ.

ಒಂದು ವೇಳೆ ನಿಮ್ಮ ಹಾರ್ಡ್ ಡಿಸ್ಕ್ ಕೂಡ ಬೂದು ಪಟ್ಟಿಯ ಮೇಲೆಯೇ ಇದ್ದರೂ ಬೋರ್ಡ್‌ನಲ್ಲಿ ಸಾಟಾ ಪೋರ್ಟ್ ಇರುವವರೆಗೆ ಸಾಟಾ ಡಿಸ್ಕನ್ನೇ ಕೊಳ್ಳಿ. ಐಡಿಇ ಡಿಸ್ಕ್ ಎಂದು ಈಗ ಸಿಗುವುದೆಲ್ಲ ಹೆಚ್ಚಾಗಿ ಯಾರೋ ಬಳಸಿ ಬಿಟ್ಟದ್ದು. ಸಾಟಾ ಪೋರ್ಟ್ ಇಲ್ಲವೇ ಇಲ್ಲದ ಬೋರ್ಡ್‌ಗೆ ಪಿಸಿಐ ಸ್ಲಾಟ್‌ನಲ್ಲಿ ಕೂರುವ ಸಾಟಾ ಕಾರ್ಡ್ ಸಿಗುತ್ತದೆ. ಐಡಿಇಯಲ್ಲೇ ಎರಡನ್ನೂ ನಡೆಸಬೇಕಾದವರು ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ಜಂಪರ್‌ನಿಂದ ಗೊತ್ತುಮಾಡಬೇಕು. ಎರಡೂ ಮಾಸ್ಟರ್ ಆಗಿದ್ದರೆ ಹೊಸದು ಹೋಗಲಿ, ಹಳೆಯದೂ ಕಾಣದಂತಾಗಬಹುದು.

ಈಗ ವಿದ್ಯುತ್ತಿಗೆ ಬರೋಣ. ನಾನು ಬಿಚ್ಚಿ ನೋಡಿದ ಹಳೆಯ ಯಂತ್ರಗಳಲ್ಲಿ ಹೆಚ್ಚಿನವು ತಕರಾರು ತೆಗೆದದ್ದು ಇಲ್ಲಿಯೇ. ಸಾಟಾ ಡಿಸ್ಕ್‌ಗೆ ಬೇಕಾದ ಪವರ್ ಪ್ಲಗ್ ಡೇಟಾ ಪ್ಲಗ್‌ನಂತೆಯೇ ಬಾಗಿದ ಸೀಳಿನದು, ಆದರೆ ಅದಕ್ಕಿಂತ ಉದ್ದ; ಅದರಲ್ಲಿ 15 ಸಂಪರ್ಕ ಬಿಂದುಗಳಿರುತ್ತವೆ. ಆ ಕಾಲದ ಎಸ್‌ಎಂಪಿಎಸ್‌ಗಳಲ್ಲಿ ಇಂಥ ಪ್ಲಗ್ ಒಂದೋ ಎರಡೋ ಇದ್ದರೆ ಹೆಚ್ಚು. ಉಳಿದವು ದಪ್ಪನೆಯ ಬಿಳಿ ನಾಲ್ಕು ಪಿನ್‌ನ ಹಳೆಯ ಪ್ಲಗ್‌ಗಳು, ಮಾತಿನಲ್ಲಿ ಎಲ್ಲರೂ ಮಾಲೆಕ್ಸ್ ಎನ್ನುವಂಥವು. ಅವುಗಳ ಹಳದಿ ವೈರಿನಲ್ಲಿ 12 ವೋಲ್ಟ್, ಕೆಂಪಿನಲ್ಲಿ 5 ವೋಲ್ಟ್, ನಡುವಿನ ಎರಡು ಕಪ್ಪು ವೈರುಗಳು ಗ್ರೌಂಡ್. ಸಾಟಾ ಪ್ಲಗ್ ಖಾಲಿ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಮಾಲೆಕ್ಸನ್ನು ಸಾಟಾಗೆ ಬದಲಿಸುವ ಚಿಕ್ಕ ಕೇಬಲ್ ಕೊಳ್ಳಬೇಕು, ಮತ್ತು ಅದನ್ನು ಕೊಳ್ಳುವಾಗ ಡಿಸ್ಕ್ ಕೊಳ್ಳುವಾಗಿನಷ್ಟೇ ಎಚ್ಚರ ಬೇಕು.

ಈ ಕೇಬಲ್‌ಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ವೈರುಗಳು ಸಾಟಾ ಪ್ಲಗ್‌ನ ಹಿಂಬದಿಯಿಂದ ಅಚ್ಚು ಹೊಯ್ದ ಪ್ಲಾಸ್ಟಿಕ್ ಉಂಡೆಯೊಳಗೆ ಮುಳುಗಿಹೋಗಿರುತ್ತವೆ, ಒಳಗೆ ಏನಿದೆ ಎಂದು ಕಾಣುವುದಿಲ್ಲ. ಇನ್ನೊಂದರಲ್ಲಿ ಪ್ಲಗ್‌ನ ಹಿಂದೆ ತೆಗೆಯಬಹುದಾದ ಮುಚ್ಚಳವಿದ್ದು, ಪ್ರತಿ ವೈರೂ ತನ್ನ ತನ್ನ ಕಚ್ಚಿನಲ್ಲಿ ಪ್ರತ್ಯೇಕವಾಗಿ ಕಚ್ಚಿಕೊಂಡಿರುವುದು ಕಾಣುತ್ತದೆ. ಕೊಳ್ಳಬೇಕಾದದ್ದು ಎರಡನೆಯದು. ಅಚ್ಚು ಹೊಯ್ದ ಅಗ್ಗದ ಪ್ಲಗ್‌ಗಳಲ್ಲಿ ಬಿಸಿ ಪ್ಲಾಸ್ಟಿಕ್ ಸುರಿಯುವಾಗ ಒಳಗಿನ ತಂತಿಗಳು ಒಂದಕ್ಕೊಂದು ತೀರ ಸಮೀಪ ಸರಿದು, ಕಾಲಾಂತರದಲ್ಲಿ ಶಾರ್ಟ್ ಆಗಿ ಪ್ಲಗ್ ಕರಗಿಹೋದ, ಹೊತ್ತಿಕೊಂಡ ಉದಾಹರಣೆಗಳಿವೆ. ನನ್ನ ಮೇಜಿನ ಖಾನೆಯಲ್ಲೂ ಅಂಥದೊಂದು ಬಿದ್ದಿದೆ: ಹಳದಿ ವೈರು ಒಳಹೋಗುವ ಜಾಗದಲ್ಲಿ ಪ್ಲಾಸ್ಟಿಕ್ ಕಂದಿ ಉಬ್ಬಿಕೊಂಡಿದೆ, ಎರಡು ಚಿನ್ನದ ಬಣ್ಣದ ಬಿಂದುಗಳು ಕಪ್ಪಾಗಿವೆ. ಅದು ಹಾಳಾಗುವ ಮುನ್ನ ತಿಂಗಳುಗಟ್ಟಲೆ ಸರಿಯಾಗಿಯೇ ಕೆಲಸ ಮಾಡಿತ್ತು. ಸುಟ್ಟ ವಾಸನೆ ಬಾರದಿದ್ದರೆ ನಾನು ಕ್ಯಾಬಿನೆಟ್ ತೆರೆಯುತ್ತಲೇ ಇರಲಿಲ್ಲ.

ಎಸ್‌ಎಂಪಿಎಸ್ ಇನ್ನೊಂದು ಡಿಸ್ಕ್‌ನ ಹೊರೆ ಹೊರಬಲ್ಲದೇ ಎಂಬುದು ಸಹಜವಾದ ಅನುಮಾನ. ಮೂರೂವರೆ ಇಂಚಿನ ಡಿಸ್ಕ್ ಕೆಲಸ ಮಾಡುವಾಗ ಬಳಸುವುದು 10 ವ್ಯಾಟ್‌ಗಿಂತ ಕಡಿಮೆ. ಆದರೆ ಆನ್ ಮಾಡಿದ ಕ್ಷಣದಲ್ಲಿ, ನಿಂತಿದ್ದ ತಟ್ಟೆಗಳನ್ನು ವೇಗಕ್ಕೆ ತರುವ ಕೆಲವು ಸೆಕೆಂಡುಗಳ ಕಾಲ, 12 ವೋಲ್ಟ್‌ನ ವೈರಿನಿಂದ ಸುಮಾರು 2 ಆಂಪಿಯರ್, ಅಂದರೆ 24 ವ್ಯಾಟ್‌ನಷ್ಟು ಎಳೆದುಕೊಳ್ಳುತ್ತದೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಆರೋಗ್ಯವಾಗಿರುವ ಎಸ್‌ಎಂಪಿಎಸ್‌ಗೆ ಇದು ಭಾರವಲ್ಲ. ಮುದಿಯಾದ ಎಸ್‌ಎಂಪಿಎಸ್‌ನ ಕಥೆ ಬೇರೆ. ಅದರೊಳಗಿನ ಕೆಪಾಸಿಟರ್‌ಗಳು ವರ್ಷಗಳ ಬಿಸಿಯಲ್ಲಿ ಒಣಗಿ ಶಕ್ತಿ ಕಳೆದುಕೊಂಡಿರುವುದರಿಂದ, ಲೇಬಲ್‌ನ ಮೇಲೆ ಬರೆದಿರುವ ವ್ಯಾಟ್ ಈಗಲೂ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ನಿಮ್ಮ ಕಂಪ್ಯೂಟರ್ ಈಗಾಗಲೇ ಎರಡು ಮೂರು ಬಾರಿ ಬಟನ್ ಒತ್ತಿದ ಮೇಲೆಯೇ ಏಳುತ್ತಿದ್ದರೆ, ಅಥವಾ ಕಾರಣವಿಲ್ಲದೆ ತಾನಾಗಿ ರೀಸ್ಟಾರ್ಟ್ ಆಗುತ್ತಿದ್ದರೆ, ಹೊಸ ಡಿಸ್ಕ್‌ಗಿಂತ ಮೊದಲು ಹೊಸ ಎಸ್‌ಎಂಪಿಎಸ್ ಹಾಕಿಸಿ. ಮದರ್‌ಬೋರ್ಡ್ ಮೇಲಿನ ಉರುಟಾದ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿದೆಯೇ ಉಬ್ಬಿದೆಯೇ ಎಂದೂ ಟಾರ್ಚ್ ಹಿಡಿದು ನೋಡಿ. ಉಬ್ಬಿದ್ದರೆ ಆ ಬೋರ್ಡ್‌ಗೆ ಹಣ ಹಾಕುವುದರಲ್ಲಿ ಅರ್ಥವಿಲ್ಲ.

ಗಾತ್ರದ ಪ್ರಶ್ನೆಗೆ ನನ್ನ ಸಲಹೆ: 1 ಅಥವಾ 2 ಟಿಬಿ ಕೊಳ್ಳಿ, ಅಲ್ಲಿಗೆ ನಿಲ್ಲಿಸಿ. ಇದರ ಹಿಂದೆ ಒಂದು ಲೆಕ್ಕವಿದೆ. ಹಳೆಯ ಕಂಪ್ಯೂಟರ್‌ಗಳಿಗೆ ಡಿಸ್ಕ್‌ನ ಗಾತ್ರದಲ್ಲಿ ಎರಡು ಗೋಡೆಗಳಿದ್ದವು. ಮೊದಲನೆಯದು 137 ಜಿಬಿಯದು; ಡಿಸ್ಕ್‌ನ ಸೆಕ್ಟರ್‌ಗಳ, ಅಂದರೆ ಡೇಟಾ ಇಡುವ ಪುಟ್ಟ ತುಣುಕುಗಳ, ವಿಳಾಸವನ್ನು 28 ಬಿಟ್‌ಗಳಲ್ಲಿ ಬರೆಯುತ್ತಿದ್ದ ಕಾಲದ ಮಿತಿ ಅದು. ನಿಮ್ಮಲ್ಲಿ ಈಗಾಗಲೇ 250 ಜಿಬಿ ಡಿಸ್ಕ್ ಪೂರ್ತಿಯಾಗಿ ಕಾಣುತ್ತಿದೆ ಎಂದರೆ ಆ ಗೋಡೆಯನ್ನು ನಿಮ್ಮ ಯಂತ್ರ ಎಂದೋ ದಾಟಿದೆ. ಎರಡನೆಯದು ಡಿಸ್ಕ್ ಹೇಗೆ ಭಾಗವಾಗಿದೆ ಎಂದು ಬರೆದಿಡುವ, ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪಟ್ಟಿಯದು. ಅದು ಸೆಕ್ಟರ್‌ಗಳನ್ನು 32 ಬಿಟ್‌ಗಳಲ್ಲಿ ಎಣಿಸುತ್ತದೆ, ಪ್ರತಿ ಸೆಕ್ಟರ್‌ನಲ್ಲಿ 512 ಬೈಟ್. ಗುಣಿಸಿದರೆ ಸುಮಾರು 2.2 ಟಿಬಿ. 2 ಟಿಬಿ ಡಿಸ್ಕ್ ಈ ಮಿತಿಯೊಳಗೆ ನೆಮ್ಮದಿಯಾಗಿ ಕೂರುತ್ತದೆ.

ಅದಕ್ಕಿಂತ ದೊಡ್ಡದನ್ನು ವಿಂಡೋಸ್ 7ರಲ್ಲಿ ಬಳಸಲು ಆಗದೆಂದಲ್ಲ. ಜಿಪಿಟಿ ಎಂಬ ಹೊಸ ಪಟ್ಟಿಯನ್ನು ಬರೆದರೆ, ಫೈಲ್ ಇಡಲು ಮಾತ್ರ ಬಳಸುವ ಎರಡನೇ ಡಿಸ್ಕ್ 3 ಅಥವಾ 4 ಟಿಬಿ ಆಗಿದ್ದರೂ ನಡೆಯುತ್ತದೆ. ಹಳೆಯ ಬಯಾಸ್‌ನಲ್ಲಿ (ಆನ್ ಮಾಡಿದಾಗ ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಂಥ ಡಿಸ್ಕ್‌ನಿಂದ ವಿಂಡೋಸ್ ಬೂಟ್ ಆಗುವುದಿಲ್ಲ, ಅಷ್ಟೇ. ತೊಡಕಿರುವುದು ಬೇರೆಡೆ: ಕೆಲವು ಹಳೆಯ ಡಿಸ್ಕ್ ಕಂಟ್ರೋಲರ್ ಡ್ರೈವರ್‌ಗಳು (ವಿಂಡೋಸ್ ಡಿಸ್ಕ್ ಜೊತೆ ಮಾತಾಡಲು ಬಳಸುವ ತಂತ್ರಾಂಶಗಳು) ದೊಡ್ಡ ಸಂಖ್ಯೆಯನ್ನು ಎಣಿಸಲಾರದೆ ಮಿತಿ ಮುಟ್ಟಿದೊಡನೆ ಮತ್ತೆ ಸೊನ್ನೆಯಿಂದ ಎಣಿಸತೊಡಗುತ್ತವೆ, ಹಾಗಾಗಿ 3 ಟಿಬಿ ಡಿಸ್ಕ್ ಬರೀ 746 ಜಿಬಿ ಎಂದು ಕಾಣಿಸಿಕೊಳ್ಳುತ್ತದೆ. ಆ ಸಂಖ್ಯೆ ಕಂಡವರು ಡಿಸ್ಕ್ ನಕಲಿ ಎಂದು ಅಂಗಡಿಯವರೊಡನೆ ಜಗಳಕ್ಕೆ ಹೋಗುವ ಮುನ್ನ ಡ್ರೈವರ್ ಬದಲಿಸಿ ನೋಡಬೇಕು. ಅಂದಹಾಗೆ, 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಎಂದು ಕಾಣುವುದು ಮೋಸವಲ್ಲ; ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸಿದ್ದನ್ನು ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಇಲ್ಲಿ ನೀವು ಕೇಳದ ಒಂದು ಮಾತು. ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲಿರಾದರೆ, ವಿಂಡೋಸ್‌ಗೆ ಒಂದು ಚಿಕ್ಕ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳಿಂದಾದ ವೇಗದ ಡಿಸ್ಕ್) ಹಾಕಿ ಹಳೆಯ ಡಿಸ್ಕನ್ನು ಫೈಲ್‌ಗಳಿಗೆ ಬಿಡುವುದು ಹಳೆಯ ಕಂಪ್ಯೂಟರ್‌ಗೆ ಮಾಡಬಹುದಾದ ಅತ್ಯುತ್ತಮ ಉಪಕಾರ. 3 ಗಿಗಾಬಿಟ್ ಪೋರ್ಟ್‌ನಲ್ಲೂ ವ್ಯತ್ಯಾಸ ಮೊದಲ ದಿನವೇ ತಿಳಿಯುತ್ತದೆ. ಆದರೆ ನಿಮ್ಮ ಕೊರತೆ ಜಾಗದ್ದೇ ಹೊರತು ವೇಗದ್ದಲ್ಲವಾದ್ದರಿಂದ, ಮುಂದಿನದನ್ನು ದೊಡ್ಡ ಹಾರ್ಡ್ ಡಿಸ್ಕ್ ಎಂದಿಟ್ಟುಕೊಂಡೇ ಬರೆಯುತ್ತೇನೆ.

ಡಿಸ್ಕ್ ಕೈಗೆ ಬಂದ ಮೇಲೆ, ಸ್ಕ್ರೂಡ್ರೈವರ್ ಹಿಡಿಯುವ ಮೊದಲು, ಕಳೆದುಕೊಳ್ಳಲಾಗದ ಫೈಲ್‌ಗಳ ಒಂದು ಪ್ರತಿಯನ್ನು ಹೊರಗಿನ ಯಾವುದಾದರೂ ಡಿಸ್ಕ್‌ಗೋ ಪೆನ್ ಡ್ರೈವ್‌ಗೋ ತೆಗೆದಿಡಿ. ನಂತರ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಿ, ಹಿಂದಿನ ಪವರ್ ಕಾರ್ಡನ್ನು ಕಿತ್ತು, ಮುಂದಿನ ಪವರ್ ಬಟನ್ನನ್ನು ಒಮ್ಮೆ ಒತ್ತಿ ಹಿಡಿಯಿರಿ. ಒಳಗೆ ಉಳಿದ ಅಲ್ಪಸ್ವಲ್ಪ ವಿದ್ಯುತ್ ಇದರಿಂದ ಇಳಿದುಹೋಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ ನಿಮ್ಮ ಮೈಯ ಸ್ಥಿರ ವಿದ್ಯುತ್ತನ್ನು ಕಳೆದುಕೊಂಡು, ಡಿಸ್ಕನ್ನು ಅಂಚುಗಳಲ್ಲಿ ಹಿಡಿದು ಅದರ ಚೀಲದಿಂದ ಹೊರತೆಗೆಯಿರಿ. ಅಡಿಯಲ್ಲಿರುವ ಹಸಿರು ಸರ್ಕ್ಯೂಟ್ ಬೋರ್ಡನ್ನು ಬೆರಳಿನಿಂದ ಮುಟ್ಟಬೇಡಿ.

ಅನೇಕರು ಒಂದು ಬದಿಯ ಬಾಗಿಲನ್ನಷ್ಟೇ ತೆಗೆದು, ಕಾಣುವ ಕಡೆ ಎರಡು ಸ್ಕ್ರೂ ಬಿಗಿದು ಮುಗಿಸಿಬಿಡುತ್ತಾರೆ. ಹಾಗೆ ಕೂರಿಸಿದ ಡಿಸ್ಕ್ ಗೂಡಿನಲ್ಲಿ ಸಣ್ಣಗೆ ನಡುಗುತ್ತಲೇ ಇರುತ್ತದೆ. ಆ ನಡುಕ ಗುಂಯ್‌ಗುಡುವ ಶಬ್ದವಾಗಿ ಕೇಳಿಸುವುದಲ್ಲದೆ ಪಕ್ಕದ ಡಿಸ್ಕ್‌ಗೂ ಹರಡುತ್ತದೆ. ಎರಡೂ ಬಾಗಿಲು ತೆಗೆದು, ಎರಡೂ ಕಡೆ ಎರಡೆರಡರಂತೆ ನಾಲ್ಕು ಸ್ಕ್ರೂ ಹಾಕಿ. ಸ್ಕ್ರೂಗಳಲ್ಲೂ ಎರಡು ಜಾತಿ: ಹಾರ್ಡ್ ಡಿಸ್ಕ್‌ನದು ದಪ್ಪ ಎಳೆಯದು, ಡಿವಿಡಿ ಡ್ರೈವ್‌ನದು ಸಣ್ಣ ಎಳೆಯದು. ಕೈಯಲ್ಲಿ ತಿರುಗಿಸಿದಾಗ ಎರಡು ಮೂರು ಸುತ್ತು ಸಲೀಸಾಗಿ ಹೋದರೆ ಸರಿಯಾದ ಸ್ಕ್ರೂ, ಆರಂಭದಲ್ಲೇ ಬಿಗಿಯಾದರೆ ತಪ್ಪು ಸ್ಕ್ರೂ. ಬಲವಂತ ಮಾಡಿದರೆ ಡಿಸ್ಕ್‌ನ ಎಳೆ ಹಾಳಾಗುತ್ತದೆ. ಎರಡು ಡಿಸ್ಕ್‌ಗಳ ನಡುವೆ ಒಂದು ಗೂಡು ಖಾಲಿ ಬಿಡಲು ಸಾಧ್ಯವಾದರೆ ಬಿಡಿ, ಗಾಳಿಯಾಡುತ್ತದೆ. ಹೇಗೂ ತೆರೆದಿದ್ದೀರಿ, ಮುಂಭಾಗದ ಫ್ಯಾನಿಗೆ ಮೆತ್ತಿದ ಧೂಳನ್ನೂ ಬ್ರಷ್‌ನಿಂದ ತೆಗೆದುಬಿಡಿ.

ಕೇಬಲ್ ಸಿಕ್ಕಿಸುವಾಗ ಬಾಗಿದ ಸೀಳಿನ ದಿಕ್ಕನ್ನು ಹೊಂದಿಸಿ ನೇರವಾಗಿ ಒತ್ತಿ, ಆಚೀಚೆ ಅಲುಗಾಡಿಸಬೇಡಿ. ಡಿಸ್ಕ್‌ನ ಬದಿಯಲ್ಲಿರುವುದು ತೆಳುವಾದ ಪ್ಲಾಸ್ಟಿಕ್ ನಾಲಿಗೆ; ಅದು ಮುರಿದರೆ ಡಿಸ್ಕ್ ಒಳಗೆ ಸರಿಯಾಗಿದ್ದೂ ನಿರುಪಯುಕ್ತ. ಕೊನೆಗೆ ಹಳೆಯ ಡಿಸ್ಕ್‌ನ ಪ್ಲಗ್‌ಗಳನ್ನೂ ಒಮ್ಮೆ ಒತ್ತಿ ನೋಡಿ. ಹೊಸ ಡಿಸ್ಕ್ ಹಾಕಿದ ಮೇಲೆ ವಿಂಡೋಸ್ ಹೋಯಿತು ಎಂದು ಗಾಬರಿಯಾಗುವವರಲ್ಲಿ ಎಷ್ಟೋ ಜನರ ಹಳೆಯ ಕೇಬಲ್ ಮೊಣಕೈ ತಗುಲಿ ಸಡಿಲವಾಗಿರುತ್ತದೆ.

ಬಾಗಿಲು ಮುಚ್ಚುವ ಮುನ್ನವೇ ಪವರ್ ಕೊಟ್ಟು ಡಿಲೀಟ್ ಕೀ, ಇಲ್ಲವೇ ಪರದೆಯಲ್ಲಿ ಹೇಳಿದ ಬೇರೆ ಕೀ ಒತ್ತಿ ಬಯಾಸ್ ಒಳಗೆ ಹೋಗಿ. ಅಲ್ಲಿ ಎರಡು ಡಿಸ್ಕ್‌ಗಳ ಹೆಸರೂ ಕಾಣಬೇಕು. ಹೊಸದು ಕಾಣದಿದ್ದರೆ ಆ ಪೋರ್ಟ್ ಬಯಾಸ್‌ನಲ್ಲಿ ಡಿಸೇಬಲ್ ಆಗಿದೆಯೇ ನೋಡಿ. ಹೀಗೆ ಮುಚ್ಚಿದ್ದ ಪೋರ್ಟ್ ಒಂದರಿಂದಾಗಿ ನಾನು ಒಮ್ಮೆ ಇಡೀ ಮಧ್ಯಾಹ್ನ ಮೂರು ಕೇಬಲ್ ಬದಲಿಸಿ, ಡಿಸ್ಕನ್ನು ವಾಪಸ್ ಕೊಡುವ ತನಕ ಹೋಗಿದ್ದೆ. ಯಂತ್ರ ಜೋಡಿಸಿದವರು ಬೂಟ್ ಬೇಗವಾಗಲಿ ಎಂದು ಬಳಸದ ಪೋರ್ಟ್‌ಗಳನ್ನೆಲ್ಲ ಮುಚ್ಚಿಟ್ಟಿದ್ದರು. ಇನ್ನೊಂದು, ಬೂಟ್ ಕ್ರಮ. ಕೆಲವು ಬಯಾಸ್‌ಗಳು ಹೊಸ ಡಿಸ್ಕನ್ನು ತಾವಾಗಿಯೇ ಮೊದಲ ಸ್ಥಾನಕ್ಕೆ ಏರಿಸುತ್ತವೆ. ಆಗ ಆಪರೇಟಿಂಗ್ ಸಿಸ್ಟಮ್ ಸಿಗಲಿಲ್ಲ ಎಂಬ ಸಂದೇಶ ಕಪ್ಪು ಪರದೆಯಲ್ಲಿ ಬರುತ್ತದೆ. ಹಾರ್ಡ್ ಡಿಸ್ಕ್‌ಗಳ ಆದ್ಯತೆಯ ಪಟ್ಟಿಯಲ್ಲಿ ಹಳೆಯದನ್ನು ಮೇಲಕ್ಕೆ ತಂದರೆ ಮುಗಿಯಿತು. ಅಲ್ಲಿಯೇ ಸಾಟಾ ಪೋರ್ಟ್‌ಗಳು ಕೆಲಸ ಮಾಡುವ ಬಗೆಯನ್ನು ಗೊತ್ತುಮಾಡುವ ಐಡಿಇ ಮೋಡ್, ಎಎಚ್‌ಸಿಐ ಮೋಡ್ ಎಂಬ ಆಯ್ಕೆ ಕಣ್ಣಿಗೆ ಬಿದ್ದೀತು. ಎಎಚ್‌ಸಿಐ ಒಳ್ಳೆಯದು ಎಂದು ಎಲ್ಲೋ ಓದಿ ಅದನ್ನು ಬದಲಿಸಬೇಡಿ; ಅದಕ್ಕೆ ಬೇಕಾದ ಡ್ರೈವರನ್ನು ಮೊದಲು ಸಿದ್ಧಮಾಡದೆ ಬದಲಿಸಿದರೆ ವಿಂಡೋಸ್ 7 ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಸೆಟ್ಟಿಂಗ್‌ಗಳನ್ನು ಉಳಿಸಿದ ಮರುದಿನವೇ ಅವು ಮರೆತುಹೋಗಿ ಗಡಿಯಾರವೂ ಹಿಂದಕ್ಕೆ ಹೋಗಿದ್ದರೆ ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ತೀರಿದೆ ಎಂದರ್ಥ. ಸಾಮಾನ್ಯವಾಗಿ ಅದು ಸಿಆರ್2032, ಒಂದು ಹೊಸದು ಹಾಕಿ.

ವಿಂಡೋಸ್ ಏಳುತ್ತದೆ, ಆದರೆ ಕಂಪ್ಯೂಟರ್ ಎಂಬಲ್ಲಿ ಹೊಸ ಡ್ರೈವ್ ಕಾಣುವುದಿಲ್ಲ. ಇದು ದೋಷವಲ್ಲ, ಡಿಸ್ಕ್ ಇನ್ನೂ ಬರೆಯದ ಪುಸ್ತಕದಂತೆ ಖಾಲಿಯಾಗಿದೆ. ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ ಮ್ಯಾನೇಜ್ ಒತ್ತಿ, ಎಡಗಡೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಇಡೀ ಕೆಲಸದಲ್ಲಿ ನಿಜವಾಗಿ ಅಪಾಯವಿರುವುದು ಈ ಪರದೆಯಲ್ಲಿ. ಸ್ಕ್ರೂ ತಪ್ಪಿದರೆ ಬಿಚ್ಚಬಹುದು, ಕೇಬಲ್ ತಪ್ಪಿದರೆ ಬದಲಿಸಬಹುದು. ಇಲ್ಲಿ ತಪ್ಪು ಡಿಸ್ಕನ್ನು ಆರಿಸಿ ಫಾರ್ಮ್ಯಾಟ್ ಮಾಡಿದರೆ ವರ್ಷಗಳ ಫೋಟೊಗಳು ಹೋಗುತ್ತವೆ. ಕೆಳಗಿನ ಅರ್ಧದಲ್ಲಿ ಡಿಸ್ಕ್ 0, ಡಿಸ್ಕ್ 1 ಎಂಬ ಸಾಲುಗಳಿರುತ್ತವೆ. ಆ ಸಂಖ್ಯೆಯನ್ನು ನೆಚ್ಚಬೇಡಿ, ಅದು ಹಳೆಯದು 0, ಹೊಸದು 1 ಎಂದೇ ಇರಬೇಕಾಗಿಲ್ಲ. ಗಾತ್ರ ನೋಡಿ, ಪಟ್ಟಿಯ ಬಣ್ಣ ನೋಡಿ: ಹಳೆಯದರ ಮೇಲೆ ನೀಲಿ ಪಟ್ಟಿಯಿದ್ದು ಸಿ ಎಂಬ ಅಕ್ಷರ ಇರುತ್ತದೆ, ಹೊಸದರ ಮೇಲೆ ಕಪ್ಪು ಪಟ್ಟಿಯಿದ್ದು ಅನ್‌ಅಲೊಕೇಟೆಡ್ ಎಂದಿರುತ್ತದೆ. ನೀಲಿ ಪಟ್ಟಿಯ ಮೇಲೆ ಇಂದು ನಿಮಗೆ ಯಾವ ಕೆಲಸವೂ ಇಲ್ಲ.

ಡಿಸ್ಕನ್ನು ಇನಿಷಿಯಲೈಸ್ ಮಾಡಬೇಕು ಎಂಬ ಸಣ್ಣ ಕಿಟಕಿ ತಾನಾಗಿಯೇ ತೆರೆದುಕೊಂಡಿರಬಹುದು. 2 ಟಿಬಿವರೆಗಿನದಕ್ಕೆ ಎಂಬಿಆರ್ ಸಾಕು. ಅದಕ್ಕಿಂತ ದೊಡ್ಡದಕ್ಕೆ ಜಿಪಿಟಿ ಆರಿಸಲೇಬೇಕು. ನಂತರ ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ನ್ಯೂ ಸಿಂಪಲ್ ವಾಲ್ಯೂಮ್ ಆರಿಸಿ, ಗಾತ್ರವನ್ನು ಹಾಗೆಯೇ ಬಿಟ್ಟು, ಎನ್‌ಟಿಎಫ್‌ಎಸ್ ಎಂದಿರುವುದನ್ನೂ ಹಾಗೆಯೇ ಬಿಟ್ಟು, ಒಂದು ಹೆಸರು ಕೊಡಿ. ಕ್ವಿಕ್ ಫಾರ್ಮ್ಯಾಟ್ ಗುರುತನ್ನು ನಾನಾದರೆ ತೆಗೆಯುತ್ತೇನೆ. ಪೂರ್ಣ ಫಾರ್ಮ್ಯಾಟ್ ಗಂಟೆಗಟ್ಟಲೆ ಹಿಡಿದರೂ ಡಿಸ್ಕ್‌ನ ಪ್ರತಿಯೊಂದು ಸೆಕ್ಟರ್‌ಗೂ ಬರೆದು ನೋಡುವುದರಿಂದ, ಕೆಟ್ಟ ಡಿಸ್ಕ್ ಆಗಿದ್ದರೆ ವಾಪಸ್ ಕೊಡುವ ಅವಧಿಯೊಳಗೇ ತಿಳಿಯುತ್ತದೆ. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಮುಗಿದಿರುತ್ತದೆ.

ಇನ್ನು ಫೈಲ್‌ಗಳ ಸ್ಥಳಾಂತರ. ಹೊಸ ಡ್ರೈವ್‌ನಲ್ಲಿ ಮೊದಲು ಒಂದು ಫೋಲ್ಡರ್ ಮಾಡಿಕೊಳ್ಳಿ. ಬಳಿಕ ಪಿಕ್ಚರ್ಸ್ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನ ಲೊಕೇಶನ್ ಎಂಬ ಪುಟದಲ್ಲಿ ಹೊಸ ವಿಳಾಸ ಕೊಟ್ಟರೆ ವಿಂಡೋಸ್ ತಾನೇ ಎಲ್ಲವನ್ನೂ ಸಾಗಿಸುತ್ತದೆ, ಮುಂದೆ ಬರುವ ಫೋಟೊಗಳೂ ಅಲ್ಲಿಗೇ ಹೋಗುತ್ತವೆ. ವಿಡಿಯೊಸ್‌ಗೂ ಹೀಗೆಯೇ. ವಿಳಾಸವಾಗಿ ಡ್ರೈವ್‌ನ ಅಕ್ಷರವನ್ನಷ್ಟೇ ಕೊಡಬೇಡಿ. ಹಾಗೆ ಮಾಡಿದರೆ ಇಡೀ ಡ್ರೈವ್ ಪಿಕ್ಚರ್ಸ್ ಎಂದು ವೇಷ ಹಾಕಿಕೊಂಡು ಕೂರುತ್ತದೆ, ಬಿಡಿಸುವುದು ತಲೆನೋವು. ದೊಡ್ಡ ವಿಡಿಯೊಗಳನ್ನು ಕೈಯಿಂದಲೇ ಸಾಗಿಸುವುದಾದರೆ ಕಟ್ ಮಾಡದೆ ಕಾಪಿ ಮಾಡಿ, ಹೊಸ ಜಾಗದಲ್ಲಿ ನಾಲ್ಕಾರು ತೆರೆದು ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಪ್ರೋಗ್ರಾಂ ಫೈಲ್ಸ್ ಮತ್ತು ವಿಂಡೋಸ್ ಎಂಬ ಫೋಲ್ಡರ್‌ಗಳನ್ನು ಮಾತ್ರ ಮುಟ್ಟಲೇಬೇಡಿ. ಮತ್ತು ಒಂದೇ ಪೆಟ್ಟಿಗೆಯೊಳಗಿನ ಎರಡನೇ ಡಿಸ್ಕನ್ನು ಬ್ಯಾಕಪ್ ಎಂದು ಕರೆಯಬೇಡಿ. ಎಸ್‌ಎಂಪಿಎಸ್ ಕೆಟ್ಟು ಹೆಚ್ಚು ವೋಲ್ಟೇಜ್ ಬಿಟ್ಟರೆ ಎರಡೂ ಒಟ್ಟಿಗೇ ಹೋಗುತ್ತವೆ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಒಂದು ಪರೀಕ್ಷೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ಏಕೆಂದರೆ ಅದರ ಫಲಿತಾಂಶದಿಂದ ಮೇಲಿನ ಯೋಜನೆಯೇ ಬದಲಾಗಬಹುದು. ನಿಮ್ಮ ಹಳೆಯ ಡಿಸ್ಕ್ 2008ರಿಂದ ತಿರುಗುತ್ತಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಅದರ ಸ್ಮಾರ್ಟ್ ಅಂಕಿಗಳನ್ನು, ಅಂದರೆ ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಟ್ಟುಕೊಂಡ ಲೆಕ್ಕವನ್ನು, ತೆರೆದು ಮೂರು ಸಾಲುಗಳನ್ನು ನೋಡಿ. 05 ಎಂಬುದು ಕೆಟ್ಟುಹೋಗಿ ಬದಲಿ ಜಾಗ ಪಡೆದ ಸೆಕ್ಟರ್‌ಗಳದು, ಸಿ5 ಎಂಬುದು ಓದಲಾಗದೆ ತೀರ್ಮಾನಕ್ಕೆ ಕಾಯುತ್ತಿರುವ ಸೆಕ್ಟರ್‌ಗಳದು, ಸಿ7 ಎಂಬುದು ಡಿಸ್ಕ್ ಮತ್ತು ಬೋರ್ಡ್ ನಡುವೆ ಸಾಗುವಾಗ ಆದ ತಪ್ಪುಗಳದು. ಸಿ7 ಮಾತ್ರ ಏರುತ್ತಿದ್ದರೆ ಮೊದಲ ಅನುಮಾನ ಡಿಸ್ಕ್ ಮೇಲಲ್ಲ, ಆ ಕೆಂಪು ಕೇಬಲ್ ಮೇಲೆ. ಹೊಸ ಕೇಬಲ್ ಹಾಕಿ ನೋಡಿ. 05 ಮತ್ತು ಸಿ5ರ ಮುಂದೆ ರಾ ವ್ಯಾಲ್ಯೂಸ್ ಎಂಬಲ್ಲಿರುವ ಸಂಖ್ಯೆ ಸೊನ್ನೆಯಾಗಿದ್ದರೆ ಮೇಲೆ ಹೇಳಿದಂತೆ ಮುಂದುವರಿಯಿರಿ. ಅವು ಸೊನ್ನೆಯಲ್ಲದೆ ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಹೊರಡುವ ದಾರಿಯಲ್ಲಿದೆ, ಅದರ ಜೊತೆಗೆ ಇನ್ನೊಂದನ್ನು ಇಡುವುದರಿಂದ ವಿಂಡೋಸ್ ಉಳಿಯುವುದಿಲ್ಲ. ಆಗ ಹೊಸ 1 ಅಥವಾ 2 ಟಿಬಿ ಡಿಸ್ಕನ್ನು ಪಾರ್ಟಿಷನ್ ಮಾಡದೆ ಖಾಲಿಯಾಗಿಯೇ ಇಟ್ಟು, ಕ್ಲೋನ್ ಮಾಡುವ ತಂತ್ರಾಂಶದಿಂದ ಹಳೆಯದರ ಪಡಿಯಚ್ಚನ್ನು ಅದಕ್ಕೆ ಇಳಿಸಿ, ಅದನ್ನೇ ಮುಖ್ಯ ಡಿಸ್ಕ್ ಮಾಡಿಕೊಳ್ಳಿ. ಕ್ಲೋನ್ ಆದ ಎರಡು ಡಿಸ್ಕ್‌ಗಳಿಗೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಆದ್ದರಿಂದ ಕ್ಲೋನ್ ಮುಗಿದೊಡನೆ ಕಂಪ್ಯೂಟರ್ ಆಫ್ ಮಾಡಿ, ಹಳೆಯ ಡಿಸ್ಕ್‌ನ ಎರಡೂ ಕೇಬಲ್ ಬಿಚ್ಚಿ, ಚೀಟಿಯಲ್ಲಿ ಬರೆದಿಟ್ಟ ಅದರ ಪೋರ್ಟ್‌ಗೆ ಹೊಸದನ್ನು ಸಿಕ್ಕಿಸಿ, ಮೊದಲ ಬಾರಿ ಹೊಸದೊಂದರಿಂದಲೇ ಆನ್ ಮಾಡಿ.